ಸದನದ ಮಾತಿಗೆ ಲೆಕ್ಕ ಇಡುವವರು ಯಾರು?



ಚಿಕ್ಕೋಡಿ ಸೀಮೆಯ ಕರೋಶಿ ಎಂಬ ಊರಿನ ಹೆಸರು ಕೇಳಿದ್ದೀರಾ? ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತ ನಿಮಗೆ ಅದು ದೂರದ ಹಳ್ಳಿ. ಆದರೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಆ ಸೀಮೆಯ ಹಣೆಬರಹ ಬರೆದದ್ದು ಕತ್ತಿಯಲ್ಲ, ಕಾಗದ! 1967ರ ಮಹಾಜನ ವರದಿ ಕಾಗದ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ ಕಾಗದ. 2022ರ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಶಾಸಕರು ಒಬ್ಬರ ಹಿಂದೊಬ್ಬರು ಮಾಡಿದ ನಿರ್ಣಯಗಳೂ ಕಾಗದವೇ.

ಈ ಕಾಗದದ ರಾಶಿಯನ್ನು ಓದುವವರು ಯಾರು?

ಇದನ್ನೇ ಕಸುಬಾಗಿಸಿಕೊಂಡ ವಿದ್ವಾಂಸರು ಜಗತ್ತಿನಲ್ಲಿದ್ದಾರೆ. ಶಾಸನಸಭೆ, ನ್ಯಾಯಾಲಯ, ಪಕ್ಷಗಳ ಲಕ್ಷಾಂತರ ಪುಟಗಳನ್ನು ಕಂಪ್ಯೂಟರಿಗೆ ಉಣಿಸಿ, ಯಾರು ಏನು ಹೇಳಿದರು, ಎಷ್ಟು ಸಲ ಹೇಳಿದರು, ಯಾವಾಗ ಮಾತು ಬದಲಿಸಿದರು ಎಂದು ಅಳೆಯುತ್ತಾರೆ. 2003ರಲ್ಲಿ ಲೇವರ್, ಬೆನ್ವಾ, ಗ್ಯಾರಿ ಎಂಬ ಮೂವರು ಪದಗಳ ಎಣಿಕೆಯಿಂದಲೇ ಪಕ್ಷಗಳ ನಿಲುವು ಅಳೆಯುವ ದಾರಿ ತೋರಿಸಿದರು. ಓದುವವನಿಗೆ ಆ ಭಾಷೆ ಬಾರದಿದ್ದರೂ ಎಣಿಸಬಹುದು ಎಂದು ಜರ್ಮನ್ ಪಠ್ಯಗಳ ಮೇಲೂ ಅದನ್ನು ಪ್ರಯೋಗಿಸಿದರು.

ಕನ್ನಡದಲ್ಲಿ ಈ ಆಟ ಅಷ್ಟು ಸುಲಭವಲ್ಲ ಸ್ವಾಮಿ! ಕರೋಶಿಗೆ, ಕರೋಶಿಯಲ್ಲಿ, ಕರೋಶಿಯಿಂದ, ಕರೋಶಿಯವರಿಗೂ: ನಮಗೆ ಒಂದೇ ಊರು; ಬರೀ ಎಣಿಸುವ ಯಂತ್ರಕ್ಕೆ ನಾಲ್ಕು ಬೇರೆ ಪದ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತವನ್ನು ಯೂನಿಕೋಡಿಗೆ ತಿರುಗಿಸದಿದ್ದರೆ ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ಗೀಟು. ಇನ್ನು ಮಂತ್ರಿಗಳ ಬಾಯಲ್ಲಿ ಬರುವ "ಪರಿಶೀಲಿಸಲಾಗುವುದು" ಎಂಬ ಪದ! ಅದು ಭರವಸೆಯೋ, ಕೈತೊಳೆದುಕೊಳ್ಳುವ ಉಪಾಯವೋ? ಎಣಿಕೆ ಹೇಳದು. ನಮ್ಮ ನುಡಿಯ ಒಳಗುಟ್ಟು ಬಲ್ಲವನೇ ಹೇಳಬೇಕು.

1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು. ನಾಡೇ ಹೆಮ್ಮೆಪಟ್ಟಿತು. ಸದನದಲ್ಲಿ ಕನ್ನಡ ಆಡಿದರಷ್ಟೇ ಸಾಲದು. ಆಡಿದ್ದನ್ನು ಕನ್ನಡದಲ್ಲೇ ಓದಿ, ಅಳೆದು, ಲೆಕ್ಕ ಕೇಳುವವರೂ ಬೇಕು. ನಾವು ಕೇಳದಿದ್ದರೆ ನಮ್ಮ ಗಡಿಯ ಚರಿತ್ರೆಯನ್ನು ಇಂಗ್ಲಿಷ್ ಕಾಗದಗಳಿಂದ ಬೇರೆಯವರು ಬರೆಯುತ್ತಾರೆ. ಆಮೇಲೆ ಬೀದಿಯಲ್ಲಿ ನಿಂತು ಕೂಗಿ ಫಲವೇನು?

ಆದ್ದರಿಂದ ನಮ್ಮ ಹಕ್ಕೊತ್ತಾಯ ಮೂರು. ಒಂದು, ವಿಧಾನಮಂಡಲದ ಎಲ್ಲ ಹಳೆಯ ಕಲಾಪಗಳೂ ಯಾರು ಬೇಕಾದರೂ ಹುಡುಕಬಹುದಾದ ಯೂನಿಕೋಡ್ ಕನ್ನಡದಲ್ಲಿ ಸಿಗಲಿ. ಎರಡು, 2010ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಂಥ ಕಡೆ ರಾಜ್ಯಶಾಸ್ತ್ರ, ಕನ್ನಡ, ಗಣಕ ವಿಭಾಗಗಳು ಒಂದೇ ಮೇಜಿಗೆ ಬರಲಿ. ಮೂರು, ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿಯ ಮಕ್ಕಳಿಗೆ ಈ ಸಂಶೋಧನೆಗೆ ವಿದ್ಯಾರ್ಥಿವೇತನ ಮೀಸಲಿಡಲಿ. ಅವರ ಕನ್ನಡ ಇಲ್ಲಿ ಕೊರತೆಯಲ್ಲ, ಬಂಡವಾಳ.

ಉಳಿದದ್ದು ನಿಮ್ಮ ಪಾಲು. ಹಗಲೆಲ್ಲ ಪರದೇಶದ ಕಂಪನಿಗೆ ಕೋಡು ಬರೆಯುವ ಕೈ, ವಾರಕ್ಕೊಂದು ಸಂಜೆ ಕನ್ನಡದ ಕಡತಕ್ಕೆ ಮೀಸಲಾಗಲಿ. ನಿಮ್ಮ ಶಾಸಕರು ಹೋದ ಅಧಿವೇಶನದಲ್ಲಿ ಗಡಿಯ ಶಾಲೆಗಳ ಬಗ್ಗೆ ಎಷ್ಟು ಸಲ ಬಾಯಿಬಿಟ್ಟರು? ಎಣಿಸಿ. ಬರೆದಿಡಿ. ಮುಂದಿನ ಚುನಾವಣೆಗೆ ಅವರು ಮತ ಕೇಳಲು ಬಂದಾಗ ಆ ಚೀಟಿಯನ್ನು ಅವರ ಕೈಗೇ ಕೊಡಿ.

ಘೋಷಣೆ ಗಾಳಿಗೆ ಹೋದೀತು. ಲೆಕ್ಕ ಹೋಗದು!