ಬೋರ್ಡು ಬದಲಾದರೆ ಖರ್ಚು ಇಳಿಯುತ್ತದೆಯೇ?

ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಎಲ್ಲವನ್ನೂ ಸೇರಿಸಿ ಬೃಹತ್ ಮೈಸೂರು ಪಾಲಿಕೆ ಮಾಡುವ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ: ಇಷ್ಟೊಂದು ಕಚೇರಿ ಯಾಕೆ, ಒಂದೇ ಆದರೆ ದುಡ್ಡು ಉಳಿಯುತ್ತದೆ. ಬೆಂಗಳೂರಿನವರು ಸೇರಿಸುವುದು, ಒಡೆಯುವುದು ಎರಡನ್ನೂ ಮಾಡಿ ನೋಡಿದರು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಕಟ್ಟಿದರು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನೇ ಐದು ಪಾಲಿಕೆಗಳಾಗಿ ಒಡೆದರು.

ಒಡೆದದ್ದಕ್ಕೆ ಇನ್ನೊಂದು ಉದಾಹರಣೆ ದೆಹಲಿ. ಅಲ್ಲಿನ ಪಾಲಿಕೆ 2012ರಲ್ಲಿ ಮೂರು ಹೋಳಾಯಿತು. ಹೆಚ್ಚು ತೆರಿಗೆ ಬರುವ ಬಡಾವಣೆಗಳು ದಕ್ಷಿಣ ಪಾಲಿಕೆಯ ಪಾಲಾದವು. ಪೂರ್ವ ಪಾಲಿಕೆಗೆ ಸಂಬಳ ಕೊಡುವುದೇ ಕಷ್ಟವಾಯಿತು. ಪೌರಕಾರ್ಮಿಕರು ಮುಷ್ಕರ ಹೂಡಿದರು, ಕಸ ಬೀದಿಯಲ್ಲಿ ಕೊಳೆಯಿತು. 2022ರ ಮೇ ತಿಂಗಳಲ್ಲಿ ಮೂರನ್ನೂ ಮತ್ತೆ ಒಂದು ಮಾಡಿದರು. ಹಾಗಂತ ಸೇರಿಸಿದರೆ ಉಳಿತಾಯ ಗ್ಯಾರಂಟಿಯೂ ಅಲ್ಲ. ಕೆನಡಾದ ಟೊರೊಂಟೊದಲ್ಲಿ 1998ರಲ್ಲಿ ಆರು ಪಾಲಿಕೆಗಳನ್ನು ಕೂಡಿಸಿದಾಗ, ಕಡಿಮೆ ಸಂಬಳದವರನ್ನು ಹೆಚ್ಚು ಸಂಬಳದವರ ಮಟ್ಟಕ್ಕೆ ಏರಿಸಬೇಕಾಗಿ ಬಂತು. ಹೇಳಿದಷ್ಟು ಉಳಿತಾಯ ಕೈಗೆ ಬರಲಿಲ್ಲ.

ಬೋರ್ಡು ಬದಲಾದ ಮಾತ್ರಕ್ಕೆ ಖರ್ಚು ಇಳಿಯದು ಎಂಬುದು ನಮ್ಮ ಊರು ಮೂಗೂರಿನಿಂದ ನೋಡಿದರೂ ಗೊತ್ತಾಗುತ್ತದೆ. ನರಸೀಪುರದ್ದು ಪುರಸಭೆ, ನಂಜನಗೂಡಿನದು ನಗರಸಭೆ, ನಮ್ಮದು ಗ್ರಾಮ ಪಂಚಾಯಿತಿ. ಹೆಸರು ಯಾವುದಿದ್ದರೂ ನೀರುಗಂಟಿ ಬೆಳಿಗ್ಗೆ ವಾಲ್ವ್ ತಿರುಗಿಸಲೇಬೇಕು, ಬೋರ್‌ವೆಲ್ ಮೋಟರು ಸುಟ್ಟರೆ ರಿವೈಂಡಿಂಗ್ ಮಾಡಿಸಲೇಬೇಕು, ಸೆಸ್ಕ್‌ಗೆ ವಿದ್ಯುತ್ ಬಿಲ್ಲು ಕಟ್ಟಲೇಬೇಕು. ಹಣ ಹೆಚ್ಚಾಗಿ ಹೋಗುವುದು ಅಲ್ಲಿಗೇ, ಅಧ್ಯಕ್ಷರ ಕುರ್ಚಿಗಲ್ಲ. ಈ ಖರ್ಚು ಕಡಿಮೆ ಮಾಡಬೇಕಾದರೆ ನೀರಿನ ಮೂಲ, ಕಸದ ಘಟಕ ಹಂಚಿಕೊಳ್ಳಬಹುದು. ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳು ನಡೆಯುವುದೇ ಹೀಗೆ. ನೀರು ಒಂದೇ ಕಡೆಯಿಂದ ಬರುತ್ತದೆ, ಪಂಚಾಯಿತಿಗಳು ಬೇರೆ ಬೇರೆಯಾಗಿಯೇ ಉಳಿಯುತ್ತವೆ.

ಇನ್ನು ಇಂಥ ಸೇರ್ಪಡೆಯಲ್ಲಿ ಹಳ್ಳಿ ಪಟ್ಟಣವಾದಾಗ ಕಳೆದುಹೋಗುವುದರ ಬೆಲೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಗ್ರಾಮೀಣರಿಗೆ ಇರುವ ಉದ್ಯೋಗ ಖಾತ್ರಿ ಕೂಲಿ ನಿಲ್ಲುತ್ತದೆ. ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಸಲೇಬೇಕೆಂಬ ಕಾನೂನು ಪಟ್ಟಣಕ್ಕೆ ಅನ್ವಯಿಸುವುದಿಲ್ಲ. ಕೂಲಿ ಮಾಡುವ ಹೆಣ್ಣುಮಗಳು ಎದ್ದು ನಿಂತು, ‘ನಮ್ಮ ಬೀದಿ ಚರಂಡಿ ದುಡ್ಡು ಎಲ್ಲಿಗೋಯ್ತು ಸ್ವಾಮಿ?’ ಎಂದು ಪಿಡಿಒ ಅವರನ್ನು ಎದುರಿಗೇ ಕೇಳಬಹುದಾದ ಜಾಗ ಗ್ರಾಮಸಭೆ. ಆದರೆ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ಬಜೆಟ್ ಮಂಡಿಸಿದರು. ಅಷ್ಟು ದೊಡ್ಡ ಊರಲ್ಲಿ ಪ್ರಶ್ನೆ ಕೇಳಲು ಒಬ್ಬ ಕಾರ್ಪೊರೇಟರೂ ಇರಲಿಲ್ಲ.

ಆದ್ದರಿಂದ ಬೃಹತ್ ಮೈಸೂರಿನ ಪರ ಇರುವವರಲ್ಲಿ ನನ್ನ ಕೋರಿಕೆ ಇಷ್ಟು. ಸೇರ್ಪಡೆಯಾಗುವ ಪ್ರತಿ ಸಂಸ್ಥೆಯ ಮೂರು ವರ್ಷದ ಆದಾಯ, ಸಂಬಳ, ಸಾಲ, ಬಾಕಿ ವಿದ್ಯುತ್ ಬಿಲ್ಲು ಎಲ್ಲವನ್ನೂ ಕನ್ನಡದಲ್ಲಿ ನೋಟಿಸ್ ಬೋರ್ಡಿಗೆ ಹಾಕಿ. ಯಾವ ಹುದ್ದೆ ರದ್ದಾಗುತ್ತದೆ, ಕಡಕೊಳದ ಮನೆಯ ಕಂದಾಯ ಎಷ್ಟಾಗುತ್ತದೆ ಎಂಬುದನ್ನೂ ಬರೆಯಿರಿ. ಅದನ್ನು ಓದಿ ಆಕ್ಷೇಪಣೆ ಸಲ್ಲಿಸಲು ಜನರಿಗೆ ಸಾಕಷ್ಟು ಕಾಲಾವಕಾಶ ಕೊಡಿ.