ಒಂದೇ ತೊಟ್ಟಿ, ಮೂರು ಪಂಕ್ತಿ



ಕಳೆದ ಸಂಚಿಕೆಯಲ್ಲಿ ಜೋಳಕ್ಕೆ ಹುಳ ಹತ್ತದಂತೆ ಇಡುವ ಬಗೆ ಬರೆದಿದ್ದೆ. ಈ ಸಲ ಗಾಜಿನ ತೊಟ್ಟಿಯ ಮೀನುಗಳ ಊಟದ ವಿಚಾರ. ನಮ್ಮ ಶಿರವಾಳದಂಥ ಊರಲ್ಲೂ ಮಕ್ಕಳು ಹಟ ಹಿಡಿದು ಮೀನು ತರಿಸುತ್ತಾರೆ. ತರಿಸುವವರು ಅವರು, ಸಾಕುವವರು ನಾವು!

ನಮ್ಮಲ್ಲಿ ಎರಡು ಗೋಲ್ಡ್ ಫಿಶ್, ಆರು ಗಪ್ಪಿ, ಒಂದು ಸಕ್ಕರ್ ಇವೆ. “ಸಕ್ಕರ್‌ಗೆ ಏನೂ ಹಾಕಬ್ಯಾಡ್ರಿ, ಹೊಲಸು ತಿಂದು ಬದುಕ್ತದ” ಎಂದು ಮಾರಿದವರು ಹೇಳಿದ್ದರು. ನಾನೂ ನಂಬಿದೆ. ಒಂದು ಬೆಳಿಗ್ಗೆ ನೋಡಿದರೆ ಅದು ಗೋಲ್ಡ್ ಫಿಶ್‌ನ ಮೈಗೇ ಅಂಟಿಕೊಂಡಿತ್ತು! ಬಿಡಿಸಿದಲ್ಲಿ ಹುರುಪೆ ಕಿತ್ತು ಗಾಯ. “ಇದನ್ನ ಹೊಳಿಗೆ ಒಗದು ಬರ್ತೀನಿ” ಎಂದು ಮಗ ಎದ್ದ. ಅತ್ತೆಯವರು ತಡೆದರು: “ಅದಕ್ಕ ಹಸಿವಿ ಆಗ್ಯಾದೋ ತಮ್ಮಾ. ಎಲ್ಲಾರೂ ಉಂಡು ಉಳಿದಿದ್ದು ಅದಕ್ಕ ಅಂದ್ರ, ಏನೂ ಉಳೀಲಿಲ್ಲಂದ್ರ ಏನು ತಿನ್ನಬೇಕು?”

ಆ ಮಾತು ನನಗೆ ನಾಟಿತು. ಎಲ್ಲರಿಗೂ ಬಡಿಸಿ, ಬುಟ್ಟಿಯ ತಳದ ರೊಟ್ಟಿ ಚೂರು ತಿನ್ನುವವರ ಹಸಿವು ಯಾರ ಕಣ್ಣಿಗೆ ಬೀಳುತ್ತದೆ? ಅಂದಿನಿಂದ ಮೂರು ಪಂಕ್ತಿ ಮಾಡಿದೆ. ನೀವೂ ಮಾಡಿ ನೋಡಿ.

ಮೊದಲ ಪಂಕ್ತಿ ಗೋಲ್ಡ್ ಫಿಶ್‌ಗೆ. ಇದು ಹೊಟ್ಟೆಬಾಕ, ಆದರೆ ಇದಕ್ಕೆ ಜಠರವೇ ಇಲ್ಲ, ಬರೀ ಕರುಳು. ಆದ್ದರಿಂದ ಸ್ವಲ್ಪ ಸ್ವಲ್ಪವೇ ಕೊಡಬೇಕು. ಕಾಳಿನ ಆಹಾರವನ್ನು ನೀರಲ್ಲಿ ನೆನೆಸಿ ಒಂದು ಮೂಲೆಗೆ ಹಾಕಿ. ವಾರಕ್ಕೊಮ್ಮೆ ಉಪ್ಪಿಲ್ಲದೆ ಬೇಯಿಸಿದ ಹಸಿ ಬಟಾಣಿಯ ಸಿಪ್ಪೆ ತೆಗೆದು ಹಿಚುಕಿ ಕೊಟ್ಟರೆ ಮಲಬದ್ಧತೆ ಆಗದು.

ಅವು ಅಲ್ಲಿ ತಿನ್ನುತ್ತಿರುವಾಗಲೇ ಎದುರು ಮೂಲೆಯಲ್ಲಿ ಎರಡನೆಯ ಪಂಕ್ತಿ, ಗಪ್ಪಿಗೆ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗೆ ಬಿಡುತ್ತಾರಲ್ಲ, ಆ ಮೀನು ಇದೇ. ಬಾಯಿ ಸಣ್ಣದು, ನೀರಿನ ಮೇಲ್ಭಾಗದಲ್ಲೇ ತಿನ್ನುತ್ತದೆ. ಫ್ಲೇಕ್ಸ್ ಎಂಬ ತೆಳು ಚೂರುಗಳನ್ನು ಬೆರಳಲ್ಲಿ ಪುಡಿ ಮಾಡಿ ಉದುರಿಸಿ.

ಮೂರನೆಯ ಪಂಕ್ತಿ ರಾತ್ರಿ, ದೀಪ ಆರಿಸಿದ ಮೇಲೆ. ಸಕ್ಕರ್ ಕತ್ತಲಲ್ಲಿ ತಿನ್ನುವ ಮೀನು. ಸೌತೆಕಾಯಿಯ ಬಿಲ್ಲೆಯನ್ನು ಬಿಸಿನೀರಲ್ಲಿ ಎರಡು ನಿಮಿಷ ಇಟ್ಟು, ಆರಿಸಿ, ಸ್ಟೀಲಿನ ಮುಳ್ಳುಚಮಚಕ್ಕೆ ಚುಚ್ಚಿ ತಳಕ್ಕೆ ಇಳಿಬಿಡಿ. ಇಲ್ಲವೇ ಮುಳುಗುವ ಪಾಚಿ ಬಿಲ್ಲೆ ಹಾಕಿ. ಉಳಿದದ್ದನ್ನು ಬೆಳಿಗ್ಗೆ ತಪ್ಪದೆ ತೆಗೆಯಿರಿ.

ಹಗಲಿನ ಊಟ ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಇರಲಿ. ಉಳಿದ ಆಹಾರ ಕೊಳೆತರೆ ನೀರಲ್ಲಿ ಅಮೋನಿಯಾ ವಿಷವಾಗುತ್ತದೆ. ಅನ್ನ, ರೊಟ್ಟಿ ಬೇಡವೇ ಬೇಡ. ದೊಡ್ಡ ಮೀನುಗಳಿಗೆ ವಾರಕ್ಕೊಂದು ಉಪವಾಸ ಒಳ್ಳೆಯದೇ. ನಮ್ಮ ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆ. ಆಗ ತುತ್ತು ಇನ್ನೂ ಕಡಿಮೆ ಮಾಡಿ.

ಇನ್ನೊಂದು ಕಿವಿಮಾತು. ಸಕ್ಕರ್ ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಸಣ್ಣ ತೊಟ್ಟಿಯವರು ಅದನ್ನು ತರದಿರುವುದೇ ಲೇಸು. ಗೋಲ್ಡ್ ಫಿಶ್ ಜೊತೆಗಂತೂ ಬೇಡ. ತಂದವರು ಬೇಸತ್ತು ಭೀಮಾ, ಕೃಷ್ಣಾ ಹೊಳೆಗೆ ಬಿಡಬೇಡಿ. ಅದು ದಕ್ಷಿಣ ಅಮೆರಿಕದ ಮೀನು, ನಮ್ಮ ಮೀನುಗಳ ನೆಲೆ ಕಸಿಯುತ್ತದೆ.

ನಮ್ಮ ಗೋಲ್ಡ್ ಫಿಶ್‌ನ ಗಾಯ ಮಾಯಿತು. ಸಕ್ಕರ್ ಮತ್ತೆ ಅದರ ಮೈಗೆ ಹೋಗಿಲ್ಲ. ದೊಡ್ಡ ತೊಟ್ಟಿ ಬರುವವರೆಗೆ, ರಾತ್ರಿ ದೀಪ ಆರಿಸುವ ಮುಂಚೆ ಅತ್ತೆಯವರು ಕೇಳುತ್ತಾರೆ: “ಯವ್ವಾ, ತಳದಾಗಿನದಕ್ಕ ಹಾಕಿದೇನು? ನೀ ಉಂಡೇನು?”