ರಾಕಿ ಬದುಕಿದ್ದಾನಾ? ಅದಿರಲಿ, ನಮ್ಮ ಕೆಲಸ ಎಲ್ಲಿ?

ಗೆಳೆಯರೇ, 2022ರ 'ಕೆಜಿಎಫ್ ಚಾಪ್ಟರ್ 2' ಕೊನೆಯಲ್ಲಿ ಪ್ರಶಾಂತ್ ನೀಲ್ ಮೂರನೇ ಭಾಗದ ಸುಳಿವು ಕೊಟ್ಟರು. ಅಂದಿನಿಂದ ನಮಗೆ ಒಂದೇ ಚರ್ಚೆ: ಬಂಗಾರದೊಂದಿಗೆ ಸಮುದ್ರದಲ್ಲಿ ಮುಳುಗಿದ ರಾಕಿ ಸತ್ತನೋ, ಬದುಕಿದ್ದಾನೋ? ನೀಲ್ ಮಾತ್ರ 2023ರಲ್ಲಿ ತೆಲುಗಿನ 'ಸಲಾರ್' ತಂದರು.

ಕಾಯೋಣ, ತಪ್ಪಿಲ್ಲ. ಯಶ್ ನಮ್ಮ ಹೆಮ್ಮೆ. ಆದರೆ ಪರದೆಯ ಬಂಗಾರದ ಲೆಕ್ಕ ಕೇಳುವ ನಾವು, 2001ರಲ್ಲಿ ಕೋಲಾರದ ನಿಜವಾದ ಗಣಿ ಮುಚ್ಚಿದಾಗ ಕೆಲಸ ಕಳಕೊಂಡವರ ಲೆಕ್ಕ ಕೇಳಿದೆವೇ?

ಸೇಡಂ ತಾಲೂಕಿನ ನಮ್ಮ ಆದಿತ್ಯನಗರ ನೋಡಿ. ಸುಣ್ಣದಕಲ್ಲು ನಮ್ಮ ನೆಲದ್ದು, ಧೂಳು ನಮ್ಮ ಪಾಲು. ಖಾಯಂ ಕೆಲಸ ಯಾರ ಪಾಲು? ಕನ್ನಡಿಗರಿಗೆ ಉದ್ಯೋಗ ಕೊಡಿ ಎಂದ ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. ಅದರ ಮುಂದಿನ ಭಾಗ ಯಾವಾಗ? ಮೊದಲು ಅದನ್ನು ಕೇಳೋಣ!